ಸಾವಿನಾಚೆಗೆ ಉಳಿಯುವುದು ಆತ್ಮವೇ, ನಾವೇ?

ವಿಚಿಕಿತ್ಸೆ (ಚರ್ಚೆ ಆರಂಭಿಸಿದವರು)

ಕಠೋಪನಿಷತ್ತಿನಲ್ಲಿ ನಚಿಕೇತನು ಕೇಳುವ ಮೂರನೆಯ ವರ ನಿಜಕ್ಕೂ ಒಂದು ಪ್ರಶ್ನೆ. ಸತ್ತ ಮೇಲೆ ಮನುಷ್ಯ ಇದ್ದಾನೆ ಎಂದು ಕೆಲವರೂ ಇಲ್ಲವೆಂದು ಕೆಲವರೂ ಹೇಳುತ್ತಾರಲ್ಲ, ಯಾವುದು ಸರಿ ಎಂಬುದನ್ನು ನಿನ್ನ ಬಾಯಿಂದಲೇ ತಿಳಿಯಬೇಕು ಎನ್ನುತ್ತಾನೆ ಹುಡುಗ. ಈ ವಿಷಯ ಹೇಳಲು ಯಮನಿಗಿಂತ ಅರ್ಹರು ಇನ್ನಾರು? ಆದರೂ ಅವನು, ದೇವತೆಗಳಿಗೇ ಇದರಲ್ಲಿ ಸಂಶಯವಿತ್ತು, ಬೇರೆ ಏನಾದರೂ ಕೇಳು, ಆನೆ ಕುದುರೆ ಬಂಗಾರ ಕೊಡುತ್ತೇನೆ ಎಂದು ಜಾರಿಕೊಳ್ಳಲು ನೋಡುತ್ತಾನೆ. ಹುಡುಗ ಪಟ್ಟು ಬಿಡದ ಕಾರಣ ನಮಗೆ ಆ ಉಪನಿಷತ್ತಿನ ಉಳಿದ ಭಾಗ ದಕ್ಕಿದೆ.

ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಆತ್ಮ ಇದೆಯೇ ಎಂದು ಕೇಳುವಾಗ ನಾವು ಎರಡು ಪ್ರಶ್ನೆಗಳನ್ನು ಒಂದೇ ಉಸಿರಿನಲ್ಲಿ ಕೇಳುತ್ತಿರುತ್ತೇವೆ. ದೇಹಕ್ಕಿಂತ ಬೇರೆಯಾದ, ದೇಹದೊಡನೆ ನಾಶವಾಗದ ಯಾವುದಾದರೂ ಒಂದು ನಮ್ಮಲ್ಲಿದೆಯೇ ಎಂಬುದು ಮೊದಲನೆಯದು. ಹಾಗೊಂದು ಇದ್ದರೆ ಅದು ನಾನೇ ಆಗಿರುತ್ತದೆಯೇ, ಅಂದರೆ ನನ್ನ ನೆನಪು, ಒಲವು, ಸ್ವಭಾವ, ನನ್ನವರ ಗುರುತು ಇವೆಲ್ಲ ಅದರ ಜೊತೆಗೆ ಹೋಗುತ್ತವೆಯೇ ಎಂಬುದು ಎರಡನೆಯದು. ದಾರ್ಶನಿಕರು ಸಾಧಿಸಲು ಹೆಣಗಿದ್ದು ಬಹುಮಟ್ಟಿಗೆ ಮೊದಲನೆಯದನ್ನು. ಆಪ್ತರನ್ನು ಕಳೆದುಕೊಂಡವರು ಕೇಳುವುದು ಯಾವಾಗಲೂ ಎರಡನೆಯದನ್ನು. ಮೊದಲನೆಯದಕ್ಕೆ ಹೌದು ಎಂದು ಒಪ್ಪಿದರೂ ಎರಡನೆಯದಕ್ಕೆ ಹೌದು ಎನ್ನುವುದು ಬಹಳ ಕಷ್ಟ ಎಂಬುದು ನನ್ನ ಅಭಿಪ್ರಾಯ.

ಏಕೆ ಕಷ್ಟ ಎಂಬುದಕ್ಕೆ ಎರಡು ಪ್ರಸಿದ್ಧ ಪ್ರಕರಣಗಳನ್ನು ಒಟ್ಟಿಗೆ ಇಟ್ಟು ನೋಡಿ. 1848ರಲ್ಲಿ ಅಮೆರಿಕದ ರೈಲು ಮಾರ್ಗದ ಕೆಲಸದಲ್ಲಿ ಬಂಡೆ ಸಿಡಿಸುವಾಗ ಫಿನಿಯಸ್ ಗೇಜ್ ಎಂಬ ಮೇಸ್ತ್ರಿಯ ಕೆನ್ನೆಯಿಂದ ಹೊಕ್ಕ ಕಬ್ಬಿಣದ ಸಲಾಕೆಯೊಂದು ತಲೆಯ ಮೇಲ್ಭಾಗದಿಂದ ಹೊರಬಿದ್ದಿತು. ಅವನು ಬದುಕಿದ, ನೆನಪು ಉಳಿಯಿತು, ಮಾತೂ ಉಳಿಯಿತು. ಆದರೆ ಹಿಂದೆ ಶಿಸ್ತಿನ ಮನುಷ್ಯನಾಗಿದ್ದವನು ಮುಂಗೋಪಿಯೂ ಚಂಚಲನೂ ಆದನೆಂದೂ, ಗೆಳೆಯರು ಇವನು ನಮ್ಮ ಗೇಜ್ ಅಲ್ಲ ಎನ್ನತೊಡಗಿದರೆಂದೂ ಅವನಿಗೆ ಚಿಕಿತ್ಸೆ ನೀಡಿದ ವೈದ್ಯರು ದಾಖಲಿಸಿದ್ದಾರೆ. ಇನ್ನೊಬ್ಬರು ಹೆನ್ರಿ ಮೊಲೈಸನ್. ಮೂರ್ಛೆರೋಗದ ಚಿಕಿತ್ಸೆಗಾಗಿ 1953ರಲ್ಲಿ ಅವರ ಮಿದುಳಿನ ಎರಡೂ ಬದಿಯ ಹಿಪೊಕ್ಯಾಂಪಸ್ ಭಾಗವನ್ನು ಬಹುಪಾಲು ತೆಗೆದುಹಾಕಲಾಯಿತು. ಅಲ್ಲಿಂದ 2008ರಲ್ಲಿ ಸಾಯುವವರೆಗೂ ಹೊಸ ಘಟನೆ ಯಾವುದೂ ಅವರ ನೆನಪಿನಲ್ಲಿ ನಿಲ್ಲಲಿಲ್ಲ. ದಶಕಗಳ ಕಾಲ ತಮ್ಮನ್ನು ಪರೀಕ್ಷಿಸಿದ ಸಂಶೋಧಕಿ ಯಾರೆಂಬುದೂ ಅವರಿಗೆ ನೆನಪಿರುತ್ತಿರಲಿಲ್ಲ. ಆದರೆ ಅವರ ಸೌಮ್ಯ ಸ್ವಭಾವ, ಹಾಸ್ಯಪ್ರಜ್ಞೆ ಹಾಗೆಯೇ ಇದ್ದವು.

ಒಬ್ಬನಿಗೆ ನೆನಪು ಉಳಿದು ಸ್ವಭಾವ ಕೆಟ್ಟಿತು, ಇನ್ನೊಬ್ಬರಿಗೆ ಸ್ವಭಾವ ಉಳಿದು ನೆನಪು ಹೋಯಿತು. ನೆನಪೂ ಸ್ವಭಾವವೂ ಮಿದುಳಿನ ಬೇರೆ ಬೇರೆ ಭಾಗಗಳನ್ನು ಇಷ್ಟು ನಿರ್ದಿಷ್ಟವಾಗಿ ನೆಚ್ಚಿಕೊಂಡಿರುವಾಗ, ಮಿದುಳಿನ ಒಂದು ಭಾಗ ಹೋದರೆ ಇಷ್ಟು ಹೋಗುತ್ತದೆ, ಇಡೀ ಮಿದುಳೇ ಹೋದರೆ ಮಾತ್ರ ಎಲ್ಲವೂ ಮರಳಿ ಬರುತ್ತದೆ ಎಂದು ನಂಬುವುದು ಹೇಗೆ? ಇದಕ್ಕೆ ಸಮಾಧಾನ ಇದ್ದವರು ಬರೆಯಿರಿ.

ಸಾಕ್ಷಿ

ಪ್ರಶ್ನೆಯನ್ನು ಎರಡಾಗಿ ಬಿಡಿಸಿದ್ದು ಸರಿಯಾಗಿದೆ. ಆದರೆ ಎರಡನೆಯ ಪ್ರಶ್ನೆಯಲ್ಲಿ ‘ನಾನು’ ಎಂದರೆ ನೆನಪು ಮತ್ತು ಸ್ವಭಾವ ಎಂದು ತಾವು ಚರ್ಚೆಗೆ ಮೊದಲೇ ತೀರ್ಮಾನಿಸಿಬಿಟ್ಟಿದ್ದೀರಿ. ವೇದಾಂತ ಅದನ್ನು ಒಪ್ಪುವುದಿಲ್ಲ. ನೆನಪು, ಬುದ್ಧಿ, ಅಹಂಕಾರ ಇವೆಲ್ಲ ಅಂತಃಕರಣಕ್ಕೆ ಸೇರಿದವು, ಅಂತಃಕರಣವು ಜಡ, ಅದನ್ನು ಬೆಳಗುವ ಚೈತನ್ಯವೇ ಆತ್ಮ ಎಂಬುದು ಅದ್ವೈತದ ನಿಲುವು. ಗೇಜನ ಕೋಪವೂ ಮೊಲೈಸನ್ನರ ಮರೆವೂ ಅರಿವಿಗೆ ವಿಷಯವಾದವುಗಳೇ ಹೊರತು ಅರಿಯುವವನಲ್ಲ.

ಮಿದುಳಿಗೆ ಪೆಟ್ಟು ಬಿದ್ದರೆ ಮನಸ್ಸು ಕೆಡುತ್ತದೆ ಎಂಬುದು ಹಳೆಯವರಿಗೂ ಗೊತ್ತಿಲ್ಲದ ಸಂಗತಿಯೇನಲ್ಲ. ತಲೆಗೆ ಏಟು ತಿಂದವರನ್ನೂ ಮದ್ಯ ಕುಡಿದವರನ್ನೂ ಅವರೂ ಕಂಡಿದ್ದರು. ಅದರಿಂದ ಸಿದ್ಧವಾಗುವುದು ಮನಸ್ಸಿಗೂ ಮಿದುಳಿಗೂ ನಂಟಿದೆ ಎಂಬುದಷ್ಟೇ. ಆ ನಂಟು ಹುಟ್ಟಿಸುವ ನಂಟೋ, ಹಾದುಹೋಗಲು ಬಿಡುವ ನಂಟೋ ಎಂಬುದು ಅದರಿಂದ ಸಿದ್ಧವಾಗುವುದಿಲ್ಲ. ವಿಲಿಯಂ ಜೇಮ್ಸ್ 1898ರಲ್ಲಿ ಪ್ರಕಟವಾದ ಉಪನ್ಯಾಸವೊಂದರಲ್ಲಿ ಇದನ್ನೇ ಹೇಳಿದ್ದರು: ಬಣ್ಣದ ಗಾಜು ಅಥವಾ ಪ್ರಿಸಂ ಬೆಳಕನ್ನು ಸೃಷ್ಟಿಸುವುದಿಲ್ಲ, ಆದರೆ ಗಾಜು ಒಡೆದರೆ ಆ ಬಣ್ಣ ಕಾಣುವುದಿಲ್ಲ. ಅವರು ದೇಹಶಾಸ್ತ್ರವನ್ನೂ ಮನಶ್ಶಾಸ್ತ್ರವನ್ನೂ ಬೋಧಿಸಿದವರು, ಮಿದುಳಿನ ಮಹತ್ವ ತಿಳಿಯದವರಲ್ಲ.

ಇನ್ನೂ ಒಂದು ಮಾತು. ಭೌತಿಕ ಕ್ರಿಯೆಯೊಂದು ಅನುಭವವಾಗಿ ಹೇಗೆ ಮಾರ್ಪಡುತ್ತದೆ ಎಂಬುದನ್ನು ಇದುವರೆಗೆ ಯಾರೂ ವಿವರಿಸಿಲ್ಲ. ದಾರ್ಶನಿಕ ಡೇವಿಡ್ ಚಾಮರ್ಸ್ ಅವರೊಡನೆ ನರವಿಜ್ಞಾನಿ ಕ್ರಿಸ್ಟಾಫ್ ಕಾಕ್ 1998ರಲ್ಲಿ ಪಂದ್ಯ ಕಟ್ಟಿ, ಪ್ರಜ್ಞೆಗೆ ಕಾರಣವಾದ ನರಕೋಶಗಳ ಸ್ಪಷ್ಟ ಗುರುತು ಇಪ್ಪತ್ತೈದು ವರ್ಷಗಳಲ್ಲಿ ಸಿಗುತ್ತದೆ ಎಂದಿದ್ದರು. 2023ರಲ್ಲಿ ಸೋಲೊಪ್ಪಿಕೊಂಡು ವೈನ್ ಬಾಟಲಿ ಕೊಟ್ಟರು.

ಹೊಸ ಸದಸ್ಯ

ಸಾಯುವಾಗ ದೇಹದ ತೂಕ 21 ಗ್ರಾಂ ಕಡಿಮೆಯಾಗುತ್ತದೆ ಎಂದು ವಿಜ್ಞಾನಿಗಳೇ ಅಳೆದು ತೋರಿಸಿದ್ದಾರಲ್ಲವೇ? ಹೃದಯ ನಿಂತು ಮತ್ತೆ ಬದುಕಿದವರು ಮೇಲಿನಿಂದ ತಮ್ಮ ದೇಹವನ್ನೇ ನೋಡಿದ್ದಾಗಿ ಹೇಳುತ್ತಾರೆ. ಇಷ್ಟು ಪುರಾವೆ ಇದ್ದ ಮೇಲೆ ತತ್ತ್ವಶಾಸ್ತ್ರದ ಜಟಿಲತೆ ಏಕೆ ಬೇಕು ಎಂದು ವಿನಯದಿಂದ ಕೇಳುತ್ತೇನೆ.

ನರತಂತು

ತೂಕದ ವಿಚಾರವನ್ನು ಮೊದಲು ಮುಗಿಸೋಣ. ಆ 21 ಗ್ರಾಂ ಬಂದದ್ದು ಅಮೆರಿಕದ ವೈದ್ಯ ಡಂಕನ್ ಮ್ಯಾಕ್‌ಡೂಗಲ್ 1907ರಲ್ಲಿ ಪ್ರಕಟಿಸಿದ ಪ್ರಯೋಗದಿಂದ. ಸಾವಿನಂಚಿನಲ್ಲಿದ್ದ ಆರು ರೋಗಿಗಳನ್ನು ಅವರು ಹಾಸಿಗೆಸಮೇತ ತಕ್ಕಡಿಯ ಮೇಲೆ ಮಲಗಿಸಿದ್ದರು. ಆರರಲ್ಲಿ ಎರಡು ಅಳತೆಗಳನ್ನು ಅವರೇ ಕೈಬಿಟ್ಟರು, ಉಳಿದ ನಾಲ್ಕು ಒಂದಕ್ಕೊಂದು ಹೊಂದಲಿಲ್ಲ, ಮುಕ್ಕಾಲು ಔನ್ಸ್ ಅಥವಾ ಸುಮಾರು 21 ಗ್ರಾಂ ಎಂಬುದು ಮೊದಲ ರೋಗಿಯೊಬ್ಬನ ಅಂಕಿ. ಹದಿನೈದು ನಾಯಿಗಳ ಮೇಲೂ ಇದನ್ನೇ ಮಾಡಿ, ತೂಕ ಇಳಿಯದ್ದನ್ನು ಕಂಡು, ನಾಯಿಗಳಿಗೆ ಆತ್ಮವಿಲ್ಲವೆಂಬುದಕ್ಕೆ ಅದನ್ನು ಬೆಂಬಲವಾಗಿ ತೆಗೆದುಕೊಂಡರು. ಒಬ್ಬನ ಅಳತೆಯಿಂದ ಜಗತ್ತಿಗೆಲ್ಲ ಅನ್ವಯಿಸುವ ಮಾತನ್ನು ಕಟ್ಟಲಾಗದು.

ಸಾವಿನ ಸಮೀಪದ ಅನುಭವಗಳನ್ನು ಮಾತ್ರ ಹೀಗೆ ತಳ್ಳಿಹಾಕುವಂತಿಲ್ಲ, ಅವು ನಿಜವಾಗಿ ಆಗುವ ಅನುಭವಗಳು. ನೆದರ್ಲೆಂಡ್ಸಿನಲ್ಲಿ ಪಿಮ್ ವಾನ್ ಲೊಮೆಲ್ ಮತ್ತು ಸಂಗಡಿಗರು ಹೃದಯಸ್ತಂಭನದಿಂದ ಬದುಕುಳಿದ 344 ರೋಗಿಗಳನ್ನು ಮಾತನಾಡಿಸಿದಾಗ 62 ಮಂದಿ, ಅಂದರೆ ಶೇ. 18ರಷ್ಟು ಜನ, ಅಂಥ ಅನುಭವವನ್ನು ವಿವರಿಸಿದರು; 2001ರಲ್ಲಿ ಇದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಆದರೆ ಪ್ರಶ್ನೆ ಇರುವುದು ಅನುಭವವಾಯಿತೇ ಎಂಬಲ್ಲಿ ಅಲ್ಲ. ಮಿದುಳಿನ ನೆರವಿಲ್ಲದೆ ಆಯಿತೇ ಎಂಬಲ್ಲಿ. ಇದನ್ನು ಪರೀಕ್ಷಿಸಲು ಸ್ಯಾಮ್ ಪಾರ್ನಿಯಾ ಅವರ ತಂಡ ಮಾಡಿದ ಉಪಾಯ ನನಗೆ ಬಹಳ ಮೆಚ್ಚುಗೆಯಾದದ್ದು. ಆಸ್ಪತ್ರೆಯ ಕೋಣೆಗಳಲ್ಲಿ ಎತ್ತರದ ಹಲಗೆಗಳನ್ನು ಹೊಡೆಸಿ, ಚಾವಣಿಯ ಕಡೆಯಿಂದ ನೋಡಿದವರಿಗೆ ಮಾತ್ರ ಕಾಣುವಂತೆ ಚಿತ್ರಗಳನ್ನು ಇಟ್ಟರು. 2014ರ ವರದಿಯ ಪ್ರಕಾರ ಒಟ್ಟು 2060 ಹೃದಯಸ್ತಂಭನಗಳಾದವು. ಬದುಕುಳಿದವರಲ್ಲಿ ಪೂರ್ಣ ಸಂದರ್ಶನಕ್ಕೆ ಸಿಕ್ಕವರು 101 ಮಂದಿ, ಸುತ್ತಲಿನ ಘಟನೆಯನ್ನು ಕಂಡು ಕೇಳಿದ ನೆನಪಿತ್ತು ಎಂದವರು ಇಬ್ಬರು. ಆ ಇಬ್ಬರಿಗೂ ಹೃದಯ ನಿಂತದ್ದು ಹಲಗೆಯಿಲ್ಲದ ಕಡೆಗಳಲ್ಲಿ! ಹೀಗಾಗಿ ಆ ಅಧ್ಯಯನ ಯಾವ ಪಕ್ಷವನ್ನೂ ಗೆಲ್ಲಿಸಲಿಲ್ಲ.

ದೇಹದಿಂದ ಹೊರಬಂದ ಭಾವನೆಯನ್ನು ಮಿದುಳಿಗೆ ವಿದ್ಯುತ್ ಹಾಯಿಸಿಯೂ ತರಬಹುದು. 2002ರಲ್ಲಿ ಓಲಾಫ್ ಬ್ಲಾಂಕೆ ಮತ್ತು ಸಂಗಡಿಗರು ಮೂರ್ಛೆರೋಗಿಯೊಬ್ಬರ ಮಿದುಳಿನ ಬಲಬದಿಯ ಆಂಗ್ಯುಲರ್ ಜೈರಸ್ ಎಂಬ ಭಾಗವನ್ನು ಪ್ರಚೋದಿಸಿದಾಗ, ಹಾಸಿಗೆಯಲ್ಲಿ ಮಲಗಿರುವ ತನ್ನನ್ನು ಮೇಲಿನಿಂದ ನೋಡುತ್ತಿರುವುದಾಗಿ ಆಕೆ ಹೇಳಿದರು. ಆದರೆ ಆಕೆಗೆ ಕಂಡದ್ದು ಕಾಲುಗಳು ಮತ್ತು ಸೊಂಟದ ಕೆಳಭಾಗ ಮಾತ್ರ. ನಿಜವಾಗಿಯೂ ಚಾವಣಿಯಿಂದ ನೋಡುವವರಿಗೆ ಮುಖ ಏಕೆ ಕಾಣಬಾರದು?

ಸಾಕ್ಷಿಯವರಿಗೆ ಒಂದು ಪ್ರಶ್ನೆ. ಮಿದುಳಿನ ಎರಡು ಗೋಳಾರ್ಧಗಳನ್ನು ಜೋಡಿಸುವ ನರಗಳ ಪಟ್ಟಿಯನ್ನು ಕತ್ತರಿಸಿದ ರೋಗಿಗಳನ್ನು ರೋಜರ್ ಸ್ಪೆರಿ ಅಧ್ಯಯನ ಮಾಡಿದರು. ಗೋಳಾರ್ಧಗಳ ಕುರಿತ ಸಂಶೋಧನೆಗಾಗಿ 1981ರಲ್ಲಿ ಅವರಿಗೆ ನೊಬೆಲ್ ಬಂದಿತು. ಅವರ ಶಿಷ್ಯ ಮೈಕೆಲ್ ಗಜಾನಿಗಾ ಅಂಥ ಒಬ್ಬ ರೋಗಿಯ ಎಡ ಗೋಳಾರ್ಧಕ್ಕೆ ಮಾತ್ರ ಕೋಳಿಯ ಕಾಲಿನ ಚಿತ್ರವನ್ನೂ, ಬಲ ಗೋಳಾರ್ಧಕ್ಕೆ ಮಾತ್ರ ಹಿಮ ಮುಚ್ಚಿದ ಮನೆಯ ಚಿತ್ರವನ್ನೂ ತೋರಿಸಿ, ಹೊಂದುವ ಚಿತ್ರಗಳನ್ನು ಆರಿಸಲು ಹೇಳಿದರು. ಬಲಗೈ ಕೋಳಿಯನ್ನು ತೋರಿಸಿತು, ಎಡಗೈ ಹಿಮ ಬಾಚುವ ಸಲಿಕೆಯನ್ನು ತೋರಿಸಿತು. ಸಲಿಕೆ ಏಕೆಂದು ಕೇಳಿದರೆ, ಮಾತನಾಡುವ ಎಡ ಗೋಳಾರ್ಧ ಹಿಮವನ್ನು ಕಂಡೇ ಇಲ್ಲ. ಆದರೂ ಅದು ತಡವರಿಸದೆ, ಕೋಳಿಗೂಡನ್ನು ಚೊಕ್ಕ ಮಾಡಲು ಸಲಿಕೆ ಬೇಕಲ್ಲ ಎಂದಿತು. ಇಲ್ಲಿ ಎಲ್ಲವನ್ನೂ ಅರಿಯುವ ಸಾಕ್ಷಿ, ಅಂದರೆ ಆತ್ಮ, ಒಬ್ಬನೋ, ಇಬ್ಬರೋ? ಒಬ್ಬನಾದರೆ ಹಿಮವನ್ನು ಕಂಡದ್ದು ಅವನಿಗೇಕೆ ತಿಳಿಯಲಿಲ್ಲ? ಇಬ್ಬರಾದರೆ ಶಸ್ತ್ರವೈದ್ಯನ ಚಾಕು ಆತ್ಮವನ್ನು ಕತ್ತರಿಸಿತೇ? ಶಸ್ತ್ರಗಳು ಕತ್ತರಿಸಲಾರವು ಎಂದಲ್ಲವೇ ಗೀತೆ ಹೇಳುವುದು!

ನೈಯಾಯಿಕ

ನರತಂತು ಅವರ ಪ್ರಶ್ನೆ ತೀಕ್ಷ್ಣವಾಗಿದೆ, ಆದರೆ ಪ್ರಯೋಗದ ಕಥೆ ಅಲ್ಲಿಗೇ ಮುಗಿದಿಲ್ಲ. 2017ರಲ್ಲಿ ಯೈರ್ ಪಿಂಟೊ ಮತ್ತು ಸಂಗಡಿಗರು ಅಂಥ ಇಬ್ಬರು ರೋಗಿಗಳನ್ನು ಮತ್ತೆ ಪರೀಕ್ಷಿಸಿ, ಎರಡು ಬದಿಯ ನೋಟಗಳನ್ನು ಹೋಲಿಸಲು ಅವರಿಗೆ ಆಗದಿದ್ದರೂ, ಯಾವ ಬದಿಯಲ್ಲಿ ಏನೋ ಕಂಡಿತು ಎಂಬುದನ್ನು ಯಾವ ಕೈಯಿಂದಲಾದರೂ, ಬಾಯಿಂದಲಾದರೂ ಹೇಳಬಲ್ಲರೆಂದು ತೋರಿಸಿದರು. ನೋಟ ಸೀಳಿದೆ, ನೋಡುವವನು ಸೀಳಿಲ್ಲ ಎಂಬುದು ಅವರ ವ್ಯಾಖ್ಯಾನ. ಇದನ್ನು ಒಪ್ಪದವರೂ ಇದ್ದಾರೆ, ಇರಲಿ.

ನ್ಯಾಯದರ್ಶನದ ಮೂಲಗ್ರಂಥವಾದ ನ್ಯಾಯಸೂತ್ರದ ಮೂರನೆಯ ಅಧ್ಯಾಯ ಆರಂಭವಾಗುವುದೇ ಇಂಥದೊಂದು ಯುಕ್ತಿಯಿಂದ. ಕಣ್ಣಿನಿಂದ ಕಂಡದ್ದನ್ನೇ ಈಗ ಕೈಯಿಂದ ಮುಟ್ಟುತ್ತಿದ್ದೇನೆ ಎಂದು ನಾನು ಅರಿಯುತ್ತೇನೆ. ಕಣ್ಣಿಗೆ ಸ್ಪರ್ಶ ಗೊತ್ತಿಲ್ಲ, ಚರ್ಮಕ್ಕೆ ರೂಪ ಗೊತ್ತಿಲ್ಲ. ಆದ್ದರಿಂದ ಎರಡನ್ನೂ ಬಲ್ಲ ಮೂರನೆಯವನೊಬ್ಬ ಇರಲೇಬೇಕು. ಆ ಮೂರನೆಯವನು ಮಿದುಳೇ ಎನ್ನುವುದು ಇಂದಿನ ಸುಲಭ ಉತ್ತರ. ಆದರೆ ಮಿದುಳೂ ಭಾಗಗಳಿಂದಾದ ವಸ್ತು. ಬಣ್ಣಕ್ಕೆ ಒಂದು ಜಾಗ, ಚಲನೆಗೆ ಒಂದು ಜಾಗ, ಸ್ಪರ್ಶಕ್ಕೆ ಇನ್ನೊಂದು ಜಾಗ. ಇವೆಲ್ಲ ಬಂದು ಸೇರುವ ಒಂದೇ ಕೇಂದ್ರ ಅಲ್ಲಿ ಕಂಡುಬಂದಿಲ್ಲ. ಆದ್ದರಿಂದ ಹಳೆಯ ಯುಕ್ತಿ ಒಂದು ಮೆಟ್ಟಿಲು ಒಳಗೆ ಸರಿದಿದೆ, ಸತ್ತಿಲ್ಲ.

ನಮ್ಮದೇ ಶಾಸ್ತ್ರದಲ್ಲಿ ದುರ್ಬಲವಾದದ್ದನ್ನೂ ಹೇಳಬೇಕು. ಆಗ ಹುಟ್ಟಿದ ಶಿಶು ಮೊಲೆಹಾಲಿಗೆ ಹಾತೊರೆಯುವುದು ಹಿಂದಿನ ಜನ್ಮದ ಅಭ್ಯಾಸದಿಂದ, ಆದ್ದರಿಂದ ಆತ್ಮ ನಿತ್ಯ ಎಂಬ ವಾದ ಅದೇ ಅಧ್ಯಾಯದಲ್ಲಿದೆ. ಕಬ್ಬಿಣ ಅಯಸ್ಕಾಂತದ ಕಡೆಗೆ ಸರಿದಂತೆ ಇದೂ ಸರಿಯಬಾರದೇಕೆ ಎಂಬ ಆಕ್ಷೇಪವನ್ನು ಸೂತ್ರಕಾರರೇ ಎತ್ತಿ ನಿರಾಕರಿಸುತ್ತಾರೆ. ಇಂದು ಆ ಆಕ್ಷೇಪಕ್ಕೇ ಬಲ ಹೆಚ್ಚು. ಹೀರುವುದು ಮಿದುಳಕಾಂಡದ ಪ್ರತಿವರ್ತನೆ, ಮೇಲ್ಮಿದುಳು ಬೆಳೆಯದೆ ಹುಟ್ಟಿದ ಶಿಶುಗಳಲ್ಲೂ ಅದು ಕಾಣುತ್ತದೆ. ಈ ವಾದವನ್ನು ಕೈಬಿಟ್ಟರೆ ನ್ಯಾಯಕ್ಕೆ ನಷ್ಟವಿಲ್ಲ ಎಂದೇ ನನ್ನ ಎಣಿಕೆ.

ಕ್ಷಣಿಕ

ಎಲ್ಲರೂ ಒಂದು ವಿಷಯದಲ್ಲಿ ಒಮ್ಮತದಿಂದಿರುವಂತೆ ಕಾಣುತ್ತದೆ: ಉಳಿಯುವುದಾದರೆ ಯಾವುದೋ ಒಂದು ವಸ್ತು ಬದಲಾಗದೆ ಉಳಿಯಬೇಕು ಎಂದು. ಬೌದ್ಧರು ಪ್ರಶ್ನಿಸಿದ್ದು ಅದನ್ನೇ. ಮಿಲಿಂದ ರಾಜ ಭಿಕ್ಷು ನಾಗಸೇನನನ್ನು, ಮತ್ತೆ ಹುಟ್ಟುವವನು ಅವನೇ ಆಗಿರುತ್ತಾನೋ ಬೇರೆಯವನೋ ಎಂದು ಕೇಳಿದಾಗ, ಅವನೂ ಅಲ್ಲ, ಬೇರೆಯವನೂ ಅಲ್ಲ ಎಂಬ ಉತ್ತರ ಬರುತ್ತದೆ. ತೊಟ್ಟಿಲಲ್ಲಿದ್ದ ಶಿಶುವೇ ನೀನೋ ಎಂಬ ಮರುಪ್ರಶ್ನೆಗೆ ರಾಜ ಮೊದಲು ಅಲ್ಲ ಎನ್ನುತ್ತಾನೆ. ಹಾಗಾದರೆ ನಿನಗೆ ತಾಯಿಯೂ ಇಲ್ಲ, ಗುರುವೂ ಇಲ್ಲ ಎಂದಾಗ ಪೇಚಿಗೆ ಸಿಕ್ಕಿಕೊಳ್ಳುತ್ತಾನೆ. ಬದುಕಿರುವಾಗಲೇ ನಾವು ಉಳಿಯುತ್ತಿರುವುದು ಒಂದರಿಂದೊಂದು ಹುಟ್ಟುವ ಪರಂಪರೆಯಾಗಿ ಎಂದಾದರೆ, ಸಾವಿನಲ್ಲಿ ಮಾತ್ರ ಹೆಚ್ಚಿನದನ್ನು ಏಕೆ ಬೇಡಬೇಕು?

ಬೌದ್ಧರ ಪಾಯಾಸಿ ಸುತ್ತ ಎಂಬ ಗ್ರಂಥಭಾಗದಲ್ಲಿ ಪರಲೋಕವನ್ನು ನಂಬದ ರಾಜನೊಬ್ಬ ಕಳ್ಳನನ್ನು ಹಂಡೆಯಲ್ಲಿ ಕೂಡಿಸಿ, ಬಾಯಿ ಬಿಗಿದು ಮಣ್ಣು ಮೆತ್ತಿ, ಒಲೆಗಿಟ್ಟು, ಸತ್ತ ಮೇಲೆ ಮೆಲ್ಲನೆ ಬಾಯಿ ತೆರೆದು ಜೀವ ಹೊರಬರುವುದೇ ಎಂದು ನೋಡುತ್ತಾನೆ. ಇನ್ನೊಬ್ಬನನ್ನು ಸಾಯುವ ಮೊದಲೂ ನಂತರವೂ ತೂಗುತ್ತಾನೆ, ಶವವೇ ಹೆಚ್ಚು ಭಾರ ಎನ್ನುತ್ತಾನೆ. ಅಮೆರಿಕದ ವೈದ್ಯರ ತಕ್ಕಡಿಗಿಂತ ಎಷ್ಟೋ ಶತಮಾನ ಮೊದಲಿನದು ಇದು. ಇದೇ ಬಗೆಯ ರಾಜನ ಕಥೆ ಜೈನ ಆಗಮದಲ್ಲೂ ಇದೆ. ರಾಜನ ಕ್ರೌರ್ಯ ಹೇಸಿಗೆ ಹುಟ್ಟಿಸುವಂಥದು, ಆದರೆ ಅವನ ಪ್ರಶ್ನಿಸುವ ಕ್ರಮವನ್ನು ಎರಡೂ ಧರ್ಮಗಳು ಮುಚ್ಚಿಡದೆ ದಾಖಲಿಸಿದ್ದು ದೊಡ್ಡ ಮಾತು.

ವಿಚಿಕಿತ್ಸೆ

ಎಲ್ಲರ ಉತ್ತರಗಳನ್ನೂ ಓದಿದೆ. ಸಾಕ್ಷಿಯವರ ನಿಲುವು ಮೊದಲ ಪ್ರಶ್ನೆಗೆ ಬಲವಾದ ಉತ್ತರ ಎಂದು ಒಪ್ಪುತ್ತೇನೆ; ಅನುಭವ ಎಂಬುದು ಹೇಗೆ ಸಾಧ್ಯವಾಯಿತು ಎಂಬುದಕ್ಕೆ ಭೌತವಾದಿಗಳ ಬಳಿ ಇನ್ನೂ ಉತ್ತರವಿಲ್ಲ. ಆದರೆ ಎರಡನೆಯ ಪ್ರಶ್ನೆಗೆ ಅವರು ಕೊಟ್ಟದ್ದು ಇಲ್ಲ ಎಂಬ ಉತ್ತರವನ್ನೇ, ಸ್ವಲ್ಪ ಗೌರವದ ಭಾಷೆಯಲ್ಲಿ. ನೆನಪನ್ನೂ ಸ್ವಭಾವವನ್ನೂ ಅಂತಃಕರಣಕ್ಕೆ ಒಪ್ಪಿಸಿ ಉಳಿದ ಶುದ್ಧ ಚೈತನ್ಯವನ್ನು ನಾನು ಎಂದು ಕರೆದರೆ, ಆ ನಾನು ತಮ್ಮದೋ ನನ್ನದೋ ಎಂದು ಬೇರ್ಪಡಿಸುವ ಗುರುತೇ ಉಳಿಯುವುದಿಲ್ಲ. ಅದ್ವೈತ ಇದನ್ನು ಸಂತೋಷದಿಂದ ಒಪ್ಪುತ್ತದೆ ಎಂಬುದು ನನಗೆ ಗೊತ್ತು. ಬೃಹದಾರಣ್ಯಕದಲ್ಲಿ ಯಾಜ್ಞವಲ್ಕ್ಯರು ಸತ್ತ ಮೇಲೆ ಸಂಜ್ಞೆ, ಅಂದರೆ ಅರಿವು, ಇಲ್ಲ ಎಂದಾಗ ಮೈತ್ರೇಯಿ, ಪೂಜ್ಯರೇ, ಇಲ್ಲಿ ನನ್ನನ್ನು ಗೊಂದಲಕ್ಕೆ ಕೆಡವಿದಿರಿ ಎಂದುಬಿಡುತ್ತಾಳೆ. ಅಮೃತತ್ವ ಬೇಕೆಂದು ಸಂಪತ್ತನ್ನೇ ಬೇಡವೆಂದವಳು ಅವಳು. ಸಿಗುವ ಅಮೃತತ್ವದಲ್ಲಿ ಮೈತ್ರೇಯಿ ಎಂಬವಳು ಇರುವುದಿಲ್ಲ ಎಂದರೆ ಗೊಂದಲವಾಗದಿರುತ್ತದೆಯೇ? ಅವಳ ಗೊಂದಲವೇ ನನ್ನದೂ.

ಮಧ್ವಮತದವರು ಇಲ್ಲಿ ಯಾರೂ ಬರೆಯದಿರುವುದು ಆಶ್ಚರ್ಯ. ಜೀವರು ಅನೇಕರು, ಒಬ್ಬೊಬ್ಬರ ಸ್ವರೂಪವೂ ಬೇರೆ, ಆ ಭೇದ ಮುಕ್ತಿಯಲ್ಲೂ ಅಳಿಯದು ಎನ್ನುವ ಅವರ ನಿಲುವು ನನ್ನ ಎರಡನೆಯ ಪ್ರಶ್ನೆಗೆ ನೇರವಾಗಿ ಹೌದು ಎನ್ನುತ್ತದೆ. ಆದರೆ ಮೊದಲ ಬರಹದ ಗೇಜ್ ಮತ್ತು ಮೊಲೈಸನ್ ಅವರನ್ನು ಎದುರಿಸಬೇಕಾದವರೂ ಅವರೇ.

ಕ್ಷಣಿಕ ಅವರ ಪರಂಪರೆಯ ವಾದಕ್ಕೂ ಇದೇ ತೊಡಕು ಬೇರೆ ರೂಪದಲ್ಲಿದೆ. ಶಿಶುವಿಗೂ ನನಗೂ ನಡುವೆ ಒಂದೇ ದೇಹದ ಮುರಿಯದ ಎಳೆಯಿದೆ. ಸತ್ತವನಿಗೂ ಹುಟ್ಟಿದವನಿಗೂ ನಡುವೆ ಆ ಎಳೆ ಯಾವುದು?

ಪರೀಕ್ಷಿಸಬಹುದಾದ ಒಂದು ವಿಷಯದಿಂದ ಈ ಭಾಗವನ್ನು ಮುಗಿಸುತ್ತೇನೆ. ಹಿಂದಿನ ಜನ್ಮ ನೆನಪಿದೆ ಎನ್ನುವ ಮಕ್ಕಳ ಪ್ರಕರಣಗಳನ್ನು ದಶಕಗಳ ಕಾಲ ಸಂಗ್ರಹಿಸಿದ ವರ್ಜೀನಿಯಾ ವಿಶ್ವವಿದ್ಯಾಲಯದ ಇಯಾನ್ ಸ್ಟೀವನ್‌ಸನ್ ಅಂಕಿಯ ಬೀಗವೊಂದಕ್ಕೆ ತಾವೇ ಗುಪ್ತ ಸಂಕೇತವನ್ನು ಹೊಂದಿಸಿ, ಯಾರಿಗೂ ಹೇಳದೆ, ಸತ್ತ ಮೇಲೆ ಸಾಧ್ಯವಾದರೆ ಅದನ್ನು ತಿಳಿಸುವುದಾಗಿ ಸಹೋದ್ಯೋಗಿಗಳಿಗೆ ಹೇಳಿದ್ದರು. ಅವರು ತೀರಿಕೊಂಡದ್ದು 2007ರಲ್ಲಿ. ಬೀಗ ತೆರೆಯಿತೆಂಬ ವರದಿ ಬಂದಿಲ್ಲ. ಇದನ್ನು ಸಾಕ್ಷಿಯವರು ಹೇಗೆ ನೋಡುತ್ತಾರೆ?

ನರತಂತು

ನನ್ನ ಪಕ್ಷಕ್ಕೆ ಒಗ್ಗದ ಸಂಗತಿಯೊಂದನ್ನು ನಾನೇ ದಾಖಲಿಸುತ್ತೇನೆ, ಇಲ್ಲದಿದ್ದರೆ ಚರ್ಚೆ ಏಕಮುಖವಾಗುತ್ತದೆ. ವರ್ಷಗಟ್ಟಲೆ ಮನೆಯವರ ಗುರುತು ಹಿಡಿಯದ ಮರೆಗುಳಿ ರೋಗಿಗಳಲ್ಲಿ ಕೆಲವರು ಸಾವಿಗೆ ಕೆಲವು ಗಂಟೆ ಅಥವಾ ದಿನ ಮೊದಲು ಇದ್ದಕ್ಕಿದ್ದಂತೆ ಹೆಸರು ಹಿಡಿದು ಮಾತನಾಡಿಸಿದ ವರದಿಗಳಿವೆ. ಜರ್ಮನಿಯ ಮಿಖಾಯೆಲ್ ನಾಮ್ 2009ರಲ್ಲಿ ಇದಕ್ಕೆ ಅಂತ್ಯಕಾಲದ ಸ್ಪಷ್ಟತೆ ಎಂಬರ್ಥದ ಹೆಸರು ಕೊಟ್ಟ ಮೇಲೆ ಅಧ್ಯಯನ ಹೆಚ್ಚಿದೆ. ಮಿದುಳು ಸವೆದಿದ್ದರೂ ನೆನಪು ಪೂರ್ತಿ ಅಳಿದಿರಲಿಲ್ಲ, ತಲುಪುವ ದಾರಿ ಮಾತ್ರ ಮುಚ್ಚಿತ್ತು ಎಂದು ನಾನು ಊಹಿಸುತ್ತೇನೆ. ಆದರೆ ಆ ದಾರಿ ಸಾವಿನ ಹೊತ್ತಿಗೇ ಏಕೆ ತೆರೆಯಬೇಕು ಎಂಬುದಕ್ಕೆ ನನ್ನ ಬಳಿ ಒಳ್ಳೆಯ ವಿವರಣೆಯಿಲ್ಲ.

ಸಾಕ್ಷಿ

ಬೀಗದ ಪ್ರಶ್ನೆಗೆ ನೇರ ಉತ್ತರ ಕೊಡುತ್ತೇನೆ. ಅದು ತೆರೆಯದಿದ್ದುದರಿಂದ ನನ್ನ ನಿಲುವಿಗೆ ಬಾಧೆಯಿಲ್ಲ, ತೆರೆದಿದ್ದರೆ ಲಾಭವೂ ಇರುತ್ತಿರಲಿಲ್ಲ. ಒಂದು ಜನ್ಮದಿಂದ ಇನ್ನೊಂದಕ್ಕೆ ಸಾಗುತ್ತದೆನ್ನುವ ಸೂಕ್ಷ್ಮಶರೀರ ಒಯ್ಯುವುದು ಸಂಸ್ಕಾರಗಳನ್ನು, ಅಂದರೆ ಒಲವು ಹಗೆಗಳ ವಾಸನೆಯನ್ನು. ಬೀಗದ ಅಂಕಿಗಳನ್ನು ಅದು ಒಯ್ದೀತೆಂದು ನಾನು ನಿರೀಕ್ಷಿಸುವುದಿಲ್ಲ. ಇದೇ ನ್ಯಾಯದಂತೆ, ಊರು ಹೆಸರು ಮನೆಯ ಗುರುತು ಹೇಳುವ ಮಕ್ಕಳ ಪ್ರಕರಣಗಳನ್ನೂ ಅದ್ವೈತಕ್ಕೆ ಪುರಾವೆಯೆಂದು ನಾನು ಬಳಸುವುದಿಲ್ಲ, ಬಳಸುವವರನ್ನು ಒಪ್ಪುವುದೂ ಇಲ್ಲ.

ಇನ್ನು ಮೈತ್ರೇಯಿಯ ಗೊಂದಲ. ಯಾಜ್ಞವಲ್ಕ್ಯರು ಅಲ್ಲಿಗೆ ಬಿಡುವುದಿಲ್ಲ. ಆತ್ಮ ಅವಿನಾಶಿ, ಎರಡೆಂಬುದು ಇದ್ದಾಗ ಮಾತ್ರ ಒಬ್ಬನು ಇನ್ನೊಂದನ್ನು ಅರಿಯುತ್ತಾನೆ, ಎಲ್ಲವೂ ಆತ್ಮವೇ ಆದಾಗ ಯಾವುದರಿಂದ ಯಾರನ್ನು ಅರಿಯುವುದು ಎನ್ನುತ್ತಾರೆ. ತಮಗೆ ಇದು ನಷ್ಟದಂತೆ ಕಾಣುತ್ತಿದೆ. ಗಾಢನಿದ್ರೆಯಲ್ಲಿ ನಮ್ಮ ಹೆಸರೂ ನಂಟರೂ ಇರುವುದಿಲ್ಲ, ಆದರೂ ಯಾರೂ ನಿದ್ರೆಗೆ ಹೆದರುವುದಿಲ್ಲ ಎಂಬುದನ್ನು ಗಮನಿಸಬೇಕೆಂದು ಕೋರುತ್ತೇನೆ.

ವಿಚಿಕಿತ್ಸೆ

ನಿದ್ರೆಗೆ ಹೆದರದಿರುವುದು ಬೆಳಿಗ್ಗೆ ಏಳುತ್ತೇವೆಂಬ ಭರವಸೆಯಿಂದ. ಎದ್ದ ಮೇಲೆ ಚೆನ್ನಾಗಿ ನಿದ್ರಿಸಿದೆ ಎಂದು ಹೇಳಲು ನೆನಪೂ ಬೇಕು, ಹೇಳುವವನೂ ಅದೇ ಮನುಷ್ಯನಾಗಿರಬೇಕು. ಅಂದರೆ ತಮ್ಮ ಉದಾಹರಣೆಯೇ ಅಂತಃಕರಣದ ನೆರವಿಲ್ಲದೆ ನಿಲ್ಲುವುದಿಲ್ಲ. ಮಕ್ಕಳ ಪ್ರಕರಣಗಳನ್ನು ತಾವಾಗಿಯೇ ಪಕ್ಕಕ್ಕಿಟ್ಟಿದ್ದಕ್ಕೆ ಧನ್ಯವಾದಗಳು, ಇನ್ನು ಮುಂದೆ ಈ ಚರ್ಚೆಯಲ್ಲಿ ಅವನ್ನು ನಾನೂ ಎತ್ತುವುದಿಲ್ಲ. ಒಲವು ಹಗೆಗಳ ವಾಸನೆ ಮಾತ್ರ ಮುಂದಕ್ಕೆ ಹೋಗುತ್ತದೆ ಎಂದಿರಲ್ಲ, ಅಲ್ಲಿಗೆ ಮತ್ತೆ ಬರೋಣ: ಸಲಾಕೆ ಹೊಕ್ಕ ದಿನಕ್ಕೆ ಮೊದಲು ಗೇಜನಲ್ಲಿದ್ದ ಶಿಸ್ತಿನ ಒಲವುಗಳು ಮುಂದಕ್ಕೆ ಹೋದವೋ, 1860ರಲ್ಲಿ ಸಾಯುವಾಗ ಅವನಲ್ಲಿದ್ದವು ಹೋದವೋ?